ಗೈಸ್ ಅಂದ್ರೆ ಎಷ್ಟು ಜನ ಮಾರಾಯ್ರೆ?

ವಾರದಲ್ಲಿ ಎರಡು ದಿನ ನನಗೆ ಮನೆಯಿಂದಲೇ ಕೆಲಸ. ಬಿಜೈಯ ನಮ್ಮ ಹಳೇ ಮನೆಯಲ್ಲಿ ವೈಫೈ ಸರಿಯಾಗಿ ಸಿಗುವುದು ಒಂದೇ ಕಡೆ, ಊಟದ ಮೇಜಿನ ಮೂಲೆಯಲ್ಲಿ. ಅದರ ಎದುರಿನ ಕುರ್ಚಿ ಪಪ್ಪಂದು. ಮೂವತ್ತು ವರ್ಷ ಜೀನಸು ಅಂಗಡಿ ನಡೆಸಿ, ಮೊಣಕಾಲು ನೋವು ಜಾಸ್ತಿಯಾದ ಮೇಲೆ ಬಾಗಿಲು ಹಾಕಿ ಕೂತವರು. ಈಗ ಅವರಿಗೆ ಬೆಳಿಗ್ಗೆ ಎರಡು ಮನರಂಜನೆ. ಒಂದು ಪೇಪರ್, ಇನ್ನೊಂದು ನನ್ನ ಆಫೀಸ್ ಕಾಲ್.

ಸರಿಯಾಗಿ 9.30ಕ್ಕೆ ನಾನು ಹೆಡ್‌ಫೋನ್ ಹಾಕ್ಕೊಂಡು 'ಹಾಯ್ ಗೈಸ್, ಗುಡ್ ಮಾರ್ನಿಂಗ್' ಅಂತೀನಿ. ಮುಗಿಸುವಾಗ 'ಓಕೆ ಗೈಸ್, ಬೈ'. ನಡುವೆ ಎಷ್ಟು ಸಲ ಅಂತೀನೋ ನನಗೇ ಲೆಕ್ಕ ಇಲ್ಲ. ಲೆಕ್ಕ ಇಟ್ಟದ್ದು ಪಪ್ಪ. ಮೂವತ್ತು ವರ್ಷ ಉದ್ರಿ ಪುಸ್ತಕ ಬರೆದವರಿಗೆ ಲೆಕ್ಕದ ಅಭ್ಯಾಸ ಹೋಗುವುದು ಹೇಗೆ?

ಒಂದು ದಿನ ಕಾಲ್ ಮುಗಿದ ಕೂಡಲೇ ಕೇಳಿದರು, "ಮಗಾ, ನಿನ್ನ ಟೀಮಿನಲ್ಲಿ ಎಷ್ಟು ಜನ ಗೈಸ್ ಇದ್ದಾರೆ?"

ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ ಹೇಳಿದೆ, "ಆರು."

"ನಿಮ್ಮದು ಒಂಬತ್ತು ಜನರ ಟೀಮ್ ಅಂದಿದ್ದೆಯಲ್ಲ?"

ಆಗ ತಲೆ ಎತ್ತಿದೆ. ಹೌದು, ಒಂಬತ್ತು ಜನ. ಆರು ಗಂಡಸರು, ಮೂವರು ಹೆಂಗಸರು. ಆ ಮೂವರಲ್ಲಿ ಒಬ್ಬಳು ನಾನು. ದಿನಾ ಬೆಳಿಗ್ಗೆ ಒಂಬತ್ತು ಜನರನ್ನೂ ಗೈಸ್ ಅಂತ ಕರೆಯುವ ನಾನು, ಲೆಕ್ಕ ಕೇಳಿದಾಗ ಮೂವರನ್ನು ಬಿಟ್ಟಿದ್ದೆ. ನನ್ನನ್ನೂ ಸೇರಿಸಿ.

ಪಪ್ಪ ಏನೂ ಹೇಳಲಿಲ್ಲ. ಪೇಪರ್ ಮಡಚಿ ಸ್ನಾನಕ್ಕೆ ಹೋದರು. ನಾನು ಮಾತ್ರ ಗೂಗಲ್ ತೆರೆದು ಕೂತೆ.

ಬೆಂಕಿಯಿಂದ ಎದ್ದು ಬಂದ ಪದ

ಗೈ ಅನ್ನುವುದು ಮೊದಲು ಒಬ್ಬ ಮನುಷ್ಯನ ಹೆಸರು ಅಂತ ನಿಮಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ.

ಅವನು ಗೈ ಫಾಕ್ಸ್. ಇಂಗ್ಲೆಂಡಿನ ಯಾರ್ಕ್ ಊರಿನವ. 1605ರ ಕಾಲ. ದೊರೆ ಒಂದನೇ ಜೇಮ್ಸ್ ಪ್ರಾಟೆಸ್ಟೆಂಟ್, ದೇಶದ ಕ್ಯಾಥೊಲಿಕರಿಗೆ ಉಸಿರು ಕಟ್ಟುವಂಥ ಕಾನೂನುಗಳು. ರಾಬರ್ಟ್ ಕೇಟ್ಸ್‌ಬಿ ಎಂಬವನ ಮುಂದಾಳುತನದಲ್ಲಿ ಕೆಲವರು ಸೇರಿ, ದೊರೆ ಬರುವ ದಿನ ಪಾರ್ಲಿಮೆಂಟನ್ನೇ ಉಡಾಯಿಸುವುದು ಅಂತ ಸಂಚು ಮಾಡಿದರು. ಹೌಸ್ ಆಫ್ ಲಾರ್ಡ್ಸ್‌ನ ಕೆಳಗಿನ ಕೋಣೆಯಲ್ಲಿ 36 ಪೀಪಾಯಿ ಮದ್ದಿನ ಪುಡಿ ತುಂಬಿಸಿಟ್ಟರು. ಅದಕ್ಕೆ ಬೆಂಕಿ ಕೊಡುವ ಕೆಲಸ ಗೈ ಫಾಕ್ಸ್‌ನದ್ದು. ಆದರೆ ಹೆಸರಿಲ್ಲದ ಒಂದು ಪತ್ರ ಸುಳಿವು ಕೊಟ್ಟಿತು. ನವೆಂಬರ್ 4ರ ರಾತ್ರಿ ಕಳೆದು 5 ಹುಟ್ಟುವ ಹೊತ್ತಿಗೆ ಸಿಕ್ಕಿಬಿದ್ದ. ಹೆಸರು ಕೇಳಿದರೆ 'ಜಾನ್ ಜಾನ್ಸನ್' ಅಂದನಂತೆ. 1606ರ ಜನವರಿಯಲ್ಲಿ ಅವನಿಗೆ ಮರಣದಂಡನೆ ಆಯಿತು.

ಸಂಚಿನ ನಾಯಕ ಕೇಟ್ಸ್‌ಬಿ, ಆದರೆ ಜನರ ಬಾಯಲ್ಲಿ ಉಳಿದದ್ದು ಸಿಕ್ಕಿಬಿದ್ದವನ ಹೆಸರು. ಪ್ರತಿ ವರ್ಷ ನವೆಂಬರ್ 5ಕ್ಕೆ ಬೀದಿಯಲ್ಲಿ ಬೆಂಕಿ ಹಾಕಿ ಸಂಭ್ರಮಪಡುವುದು ಅಲ್ಲಿ ರೂಢಿಯಾಯಿತು. ಹಳೇ ಬಟ್ಟೆಗೆ ಹುಲ್ಲು ತುಂಬಿಸಿ ಬೊಂಬೆ ಮಾಡಿ, ಬೀದಿ ಬೀದಿ ಎಳೆದುಕೊಂಡು ಹೋಗಿ ಕೊನೆಗೆ ಸುಡುವುದು. ಮಕ್ಕಳು ಆ ಬೊಂಬೆ ತೋರಿಸಿ ಚಿಲ್ಲರೆ ಕೇಳುವುದು. ಆ ಬೊಂಬೆಗೇ ಗೈ ಅಂತ ಹೆಸರು ಬಂತು. 19ನೇ ಶತಮಾನದಲ್ಲಿ, ಬೊಂಬೆಯ ಹಾಗೆ ವಿಚಿತ್ರವಾಗಿ ಬಟ್ಟೆ ಹಾಕಿಕೊಂಡವನಿಗೂ ಗೈ ಅನ್ನತೊಡಗಿದರು. ಅದೇ ಶತಮಾನದಲ್ಲಿ ಪದ ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಬೈಗುಳದ ಖಾರ ಇಳಿದು 'ಒಬ್ಬ ಗಂಡಸು' ಅಂತಷ್ಟೇ ಉಳಿಯಿತು. 20ನೇ ಶತಮಾನದಲ್ಲಿ ಗುಂಪನ್ನು ಕರೆಯುವಾಗ ಹೆಂಗಸರೂ ಅದರೊಳಗೆ ಸೇರಿದರು.

'ವಿ ಫಾರ್ ವೆಂಡೆಟಾ' ಸಿನಿಮಾ ನೋಡಿದವರಿಗೆ ಆ ನಗುವ ಮೀಸೆಯ ಮುಖವಾಡ ನೆನಪಿರಬಹುದು. ಅದು ಇದೇ ಗೈ ಫಾಕ್ಸ್‌ನ ಮುಖ.

ಸಂಜೆ ಚಾ ಕುಡಿಯುವಾಗ ಪಪ್ಪನಿಗೆ ಈ ಕತೆ ಪೂರಾ ಹೇಳಿದೆ. ಗಮನ ಕೊಟ್ಟು ಕೇಳಿದರು.

"ಗೋವಾದಲ್ಲಿ ದೀಪಾವಳಿಗೆ ನರಕಾಸುರನ ಬೊಂಬೆ ಸುಡ್ತಾರಲ್ಲ, ಹಾಗೆಯಾ?"

"ಹೆಚ್ಚು ಕಡಿಮೆ ಹಾಗೆಯೇ."

"ಅಂದ್ರೆ ನೀನು ದಿನಾ ಬೆಳಿಗ್ಗೆ ಎದ್ದು ನಿನ್ನ ಟೀಮಿನವರಿಗೆ 'ಓ ನರಕಾಸುರರೇ, ನಮಸ್ಕಾರ' ಅಂತ ಹೇಳುವುದು!"

ಮಮ್ಮಿ ಅಡುಗೆಮನೆಯಿಂದಲೇ ನಗಲಿಕ್ಕೆ ಶುರು ಮಾಡಿದರು.

ಒಂದು ಪದ ಸಾಲದ ಭಾಷೆ

ನಕ್ಕು ಮುಗಿದ ಮೇಲೂ ನನಗೆ ಒಂದು ಪ್ರಶ್ನೆ ಉಳಿಯಿತು. ಇಷ್ಟೆಲ್ಲ ಸುಟ್ಟು ಬಂದ ಪದ ಇಂಗ್ಲಿಷಿಗೆ ಯಾಕೆ ಬೇಕಾಯಿತು?

ಹಳೇ ಇಂಗ್ಲಿಷಿನಲ್ಲಿ ಒಬ್ಬನಿಗೆ 'ದೌ', ಹಲವರಿಗೆ 'ಯೂ' ಇತ್ತು. ಆಮೇಲೆ ಮರ್ಯಾದೆಗೆ ಒಬ್ಬನಿಗೂ 'ಯೂ' ಅನ್ನುವುದು ಶುರುವಾಗಿ, ಬರಬರುತ್ತಾ 'ದೌ' ಮೂಲೆಗೆ ಸರಿಯಿತು. ಈಗ ಒಬ್ಬನಿಗೂ ಯೂ, ನೂರು ಜನಕ್ಕೂ ಯೂ. ಎದುರಿಗೆ ಗುಂಪು ಇದ್ದರೆ ಏನು ಮಾಡುವುದು? ಅಮೆರಿಕದ ದಕ್ಷಿಣದವರು 'ಯಾಲ್' ಅಂತಾರೆ. ಉಳಿದ ಬಹಳಷ್ಟು ಮಂದಿ 'ಯೂ ಗೈಸ್' ಅಂದುಕೊಂಡು ಕೆಲಸ ಸಾಗಿಸಿದರು.

ನಮಗೆ ಆ ಕಷ್ಟ ಇಲ್ಲ. ಕನ್ನಡದಲ್ಲಿ ನೀನು, ನೀವು ಇದೆ. ತುಳುವಿನಲ್ಲಂತೂ ಇನ್ನೂ ಒಂದು ಮೆಟ್ಟಿಲು ಜಾಸ್ತಿ. ಸಲುಗೆಯಿಂದ ಒಬ್ಬರಿಗೆ 'ಈ', ಮರ್ಯಾದೆಯಿಂದ ಒಬ್ಬರಿಗೆ 'ಈರ್', ಗುಂಪಿಗೆ 'ನಿಕುಲು'. ಕನ್ನಡದ 'ನೀವು' ಮರ್ಯಾದೆಗೋ ಗುಂಪಿಗೋ ಅಂತ ಒಮ್ಮೊಮ್ಮೆ ಗೊಂದಲ ಆಗಬಹುದು. ತುಳುವಿನಲ್ಲಿ ಆ ಗೊಂದಲವೇ ಇಲ್ಲ. ಆದರೂ ನಾವು ಮಂಗಳೂರಿನವರು ಆಫೀಸಿನ ಲಿಫ್ಟ್ ಹತ್ತಿದ ಕೂಡಲೇ ಗೈಸ್ ಆಗಿಬಿಡುತ್ತೇವೆ.

ಗಂಡಸರ ಪದ ಹೆಂಗಸರಿಗೂ ಬಳಸುವುದು ಇಂಗ್ಲಿಷಿನವರ ಅಭ್ಯಾಸ ಮಾತ್ರ ಅಲ್ಲ. ಪಪ್ಪ ನನ್ನನ್ನು ಹುಟ್ಟಿದಾಗಿನಿಂದ ಕರೆಯುವುದೇ 'ಮಗಾ' ಅಂತ. ಕಾಲೇಜಿನಲ್ಲಿ ಕೆಲವು ಕೊಂಕಣಿ ಗೆಳತಿಯರು ನನಗೆ 'ಎಂತ ಮ್ಯಾನ್' ಅನ್ನುತ್ತಿದ್ದರು. ಈಗಿನ ಹುಡುಗಿಯರು ಒಬ್ಬರಿಗೊಬ್ಬರು 'ಬ್ರೋ' ಅಂತಾರೆ. ಇದರಲ್ಲಿ ನನಗೆ ಯಾವತ್ತೂ ಬೇಸರ ಆಗಿಲ್ಲ. ಹಾಗಾಗಿ ಪಪ್ಪನ ಲೆಕ್ಕದ ವಿಷಯವನ್ನೂ ತಮಾಷೆ ಅಂತಲೇ ಬಿಟ್ಟಿದ್ದೆ.

ತಮಾಷೆ ಅಲ್ಲ ಅಂತ ಗೊತ್ತಾದದ್ದು ಮೂರು ವಾರ ಕಳೆದ ಮೇಲೆ.

'ಗೈಸ್ ಎಲ್ಲ ಸೇರಿ ಮಾತಾಡಿದೆವು'

ನಮ್ಮ ಪ್ರಾಜೆಕ್ಟಿನಲ್ಲಿ ದೊಡ್ಡ ರಿಲೀಸ್‌ಗಳೆಲ್ಲ ರಾತ್ರಿ ನಡೆಯುವುದು. ಕ್ಲೈಂಟ್ ಕೂಡ ಕಾಲ್‌ನಲ್ಲಿ ಇರುತ್ತಾರೆ. ಕಣ್ಣು ಉರಿಯುತ್ತದೆ, ನಿದ್ದೆ ಹಾಳಾಗುತ್ತದೆ, ನಿಜ. ಆದರೆ ಯಾರ ಹೆಸರು ಕ್ಲೈಂಟಿಗೆ ಗೊತ್ತಾಗುತ್ತದೆ ಅನ್ನುವುದು ಆ ರಾತ್ರಿಗಳಲ್ಲೇ ತೀರ್ಮಾನ ಆಗುವುದು. ಅಪ್ರೈಸಲ್ ಹೊತ್ತಿಗೆ ನೆನಪಾಗುವುದೂ ಅದೇ ಹೆಸರುಗಳು.

ಒಂದು ಸೋಮವಾರ ಮುಂದಿನ ಮೂರು ತಿಂಗಳ ಪಟ್ಟಿ ಬಂತು. ಆರು ಹೆಸರು ಇತ್ತು. ನಾವು ಮೂವರದ್ದು ಇರಲಿಲ್ಲ.

"ಇದು ಯಾವಾಗ ಡಿಸೈಡ್ ಆಯ್ತು?" ಅಂತ ಮೀಟಿಂಗಿನಲ್ಲಿ ಕೇಳಿದೆ.

"ಶುಕ್ರವಾರ. ಗೈಸ್ ಎಲ್ಲ ಸೇರಿ ಮಾತಾಡಿದೆವಲ್ಲ."

ಶುಕ್ರವಾರ ಸಂಜೆ ನಮ್ಮ ಹುಡುಗರು ಟರ್ಫಿಗೆ ಹೋಗಿ ಫುಟ್‌ಬಾಲ್ ಆಡುತ್ತಾರೆ. ಆಮೇಲೆ ಚಾ, ಗೋಳಿಬಜೆ. ಅವರದ್ದೊಂದು ವಾಟ್ಸ್ಆ್ಯಪ್ ಗ್ರೂಪ್ ಉಂಟು. ಅದರ ಹೆಸರು ಏನು ಗೊತ್ತಾ? 'ಗೈಸ್'.

ಆ ಕ್ಷಣ ನನಗೆ ಪಪ್ಪನ ಲೆಕ್ಕ ನೆನಪಾಯಿತು. ಎಷ್ಟು ಜನ ಗೈಸ್? ಆರು.

ಪದದ ಗುಟ್ಟು ಇರುವುದು ಇಲ್ಲೇ. ಎದುರಿಗೆ ನಿಂತು 'ಗೈಸ್' ಅಂತ ಕರೆಯುವಾಗ ಎಲ್ಲರೂ ಅದರೊಳಗೆ ಇರುತ್ತಾರೆ. ಬೆನ್ನ ಹಿಂದೆ 'ಗೈಸ್' ಅಂತ ಹೇಳುವಾಗ ಗಂಡಸರು ಮಾತ್ರ ಇರುತ್ತಾರೆ. 'ಆ ಹುಡುಗಿ ಎಷ್ಟು ಗೈಸ್ ಜೊತೆ ಓಡಾಡಿದ್ದಾಳೆ' ಅಂತ ಯಾರಾದರೂ ಕೇಳಿದರೆ, ಅವಳ ಗೆಳತಿಯರನ್ನು ಯಾರೂ ಎಣಿಸುವುದಿಲ್ಲ ಅಲ್ವಾ? ಕರೆಯುವಾಗ ಒಂಬತ್ತು, ಎಣಿಸುವಾಗ ಆರು. ಒಂದೇ ಪದ.

ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಪುತ್ತೂರು ಕಡೆಯ ಒಬ್ಬ ಹುಡುಗ, ಟೀಮಿನಲ್ಲಿ ಎಲ್ಲರಿಗಿಂತ ಸಣ್ಣವ, ಮುಖ ಸಣ್ಣ ಮಾಡಿಕೊಂಡು ಹೇಳಿದ, "ಅಕ್ಕಾ, ರಾತ್ರಿ ಕೆಲಸ ನಿಮಗೆಲ್ಲ ಕಷ್ಟ ಆಗ್ತದೆ ಅಂತ ಬಿಟ್ಟದ್ದು."

"ಕಷ್ಟ ಆಗ್ತದಾ ಇಲ್ವಾ ಅಂತ ಕೇಳಿದ್ರಾ?"

ಉತ್ತರ ಬರಲಿಲ್ಲ. ನನ್ನ ಸ್ವರ ಸ್ವಲ್ಪ ನಡುಗುತ್ತಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಒಂಬತ್ತು ಜನರ ಎದುರು ಹೀಗೆ ಮಾತಾಡಿ ಅಭ್ಯಾಸ ಇಲ್ಲ. 'ಸುಮ್ಮನೆ ದೊಡ್ಡ ವಿಷಯ ಮಾಡ್ತಾಳೆ' ಅಂತ ಅಂದುಕೊಂಡರೆ ಅನ್ನುವ ಹೆದರಿಕೆ ಬೇರೆ. ಆದರೂ ಹೇಳಿದೆ. ಪಟ್ಟಿ ಬದಿಗಿಡಿ, ಒಬ್ಬೊಬ್ಬರನ್ನೇ ಕೇಳಿ ಮತ್ತೆ ಮಾಡುವಾ.

ಕೇಳಿದಾಗ ಎಂತ ಗೊತ್ತಾಯಿತು ಅಂದರೆ, ನಮ್ಮ ಮೂವರಲ್ಲಿ ಒಬ್ಬಳಿಗೆ ನಿಜವಾಗಿಯೂ ರಾತ್ರಿ ಆಗುತ್ತಿರಲಿಲ್ಲ, ಮಗು ಸಣ್ಣದು. ಇನ್ನೊಬ್ಬಳು ಮತ್ತು ನಾನು ತಯಾರಿದ್ದೆವು. ಆರು ಗಂಡಸರಲ್ಲಿ ಒಬ್ಬರ ತಾಯಿಗೆ ಹುಷಾರಿರಲಿಲ್ಲ, ರಾತ್ರಿ ಅವರ ಹತ್ತಿರ ಇರಲು ಬೇರೆ ಯಾರೂ ಇಲ್ಲ. ಆ ಮನುಷ್ಯ ಟರ್ಫಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಗೈಸ್ ನಡುವೆ ಅಂಥದ್ದನ್ನೆಲ್ಲ ಹೇಳುವುದು ಹೇಗೆ ಅಂತ. ಗೈಸ್ ಅನ್ನುವ ಪದ ನಮ್ಮನ್ನು ಹೊರಗೆ ಇಟ್ಟಿತ್ತು. ಅವರನ್ನು ಒಳಗೆ ಇಟ್ಟುಕೊಂಡೇ ಬಾಯಿ ಮುಚ್ಚಿಸಿತ್ತು.

ಹೊಸ ಪಟ್ಟಿಯಲ್ಲಿ ಏಳು ಹೆಸರು ಬಂತು.

ಸಿಂಹಾಸನದಿಂದ ಇಳಿದು ಬಂದ ಪದ

ಮನೆಗೆ ಬಂದು ಪಪ್ಪನಿಗೆ ಹೇಳಿದೆ. ಅವರಿಗೆ ಒಳಗೊಳಗೇ ಹೆಮ್ಮೆ. ಅದನ್ನು ತೋರಿಸದೆ, "ನಮ್ಮ ಮಾರಾಯ ಇರುವಾಗ ಆ ಗೈ ಯಾಕೆ ಬೇಕು ನಿಮಗೆ?" ಅಂದರು.

ಯೋಚನೆ ಮಾಡಿದರೆ ಹೌದು. ಮಾರಾಯ ಅಂದರೆ ಮಹಾರಾಯ, ದೊಡ್ಡ ಅರಸು. ಬಾಯಿಂದ ಬಾಯಿಗೆ ಸವೆದು ಮಾರಾಯ ಆಯಿತು. ಹೆಂಗಸರಿಗೆ ಮಾರಾಯ್ತಿ. ಮರ್ಯಾದೆಗೆ ಮಾರಾಯ್ರೆ, ಅದು ಗಂಡಸಿಗೂ ಆಗುತ್ತದೆ, ಹೆಂಗಸಿಗೂ ಆಗುತ್ತದೆ, ಒಬ್ಬರಿಗೂ ಹತ್ತು ಜನಕ್ಕೂ ಆಗುತ್ತದೆ. ಅವಸರಕ್ಕೆ 'ಮಾರ್ರೆ'. ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಸಿಟಿ ಬಸ್ಸಿನ ಕಂಡಕ್ಟರ್ 'ಒಳಗೆ ಹೋಗಿ ಮಾರ್ರೆ' ಅನ್ನುವಾಗ ಬಸ್ಸಿನಲ್ಲಿರುವ ಅಷ್ಟೂ ಜನ ಅರಸರೇ! ಗೈ ಬೆಂಕಿಯಿಂದ ಎದ್ದು ಮೇಲೆ ಬಂದ ಪದವಾದರೆ, ಮಾರಾಯ ಸಿಂಹಾಸನದಿಂದ ಇಳಿದು ಬಸ್ಸು ಹತ್ತಿದ ಪದ.

ಹೀಗೆ ಇಳಿದು ಬಂದವು ನಮ್ಮಲ್ಲಿ ಇನ್ನೂ ಉಂಟು. ತುಳುವಿನಲ್ಲಿ ಕ್ರೈಸ್ತ ಗಂಡಸರಿಗೆ ಹೇಳುವ 'ಪೊರ್ಬು' ಕೂಡ ಪ್ರಭುವೇ. ಇಂಗ್ಲಿಷಿನ 'ಚಾಪ್' ಮೊದಲು 'ಚಾಪ್‌ಮನ್', ಅಂದರೆ ಊರೂರು ತಿರುಗಿ ಸಾಮಾನು ಮಾರುವವ. ನಮ್ಮ ಬ್ಯಾರಿಗಳ ಹೆಸರಿಗೂ 'ಬ್ಯಾರ', ಅಂದರೆ ವ್ಯಾಪಾರವೇ ಮೂಲ ಅಂತ ಇಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಗಂಡಸರನ್ನು ಕರೆಯುವ ಪದ ಒಂದೋ ಅರಮನೆಯಿಂದ ಬರುತ್ತದೆ, ಇಲ್ಲ ಅಂಗಡಿಯಿಂದ ಬರುತ್ತದೆ. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಮಂಗಳೂರಿನಿಂದ. ಪದಗಳ ಬೇರು ಹುಡುಕುವ ಚಟ ಈ ಊರಿನ ನೀರಿನಲ್ಲೇ ಇರಬೇಕು.

ಆದರೆ ನಾನು ಪಪ್ಪನ ಅಂಗಡಿಯ ಗಲ್ಲಾದ ಪಕ್ಕದಲ್ಲೇ ಹೋಂವರ್ಕ್ ಬರೆದು ದೊಡ್ಡವಳಾದವಳು. ನನಗೆ ಇನ್ನೊಂದು ಲೆಕ್ಕವೂ ಗೊತ್ತಿತ್ತು. ಆವತ್ತು ಅದನ್ನೂ ಹೇಳಿಬಿಟ್ಟೆ.

"ಪಪ್ಪ, ಕಾರಿನಲ್ಲಿ ಬಂದವರಿಗೆ ನೀವು ಮಾರಾಯ್ರೆ ಅಂತಿದ್ರಿ, ಈರ್ ಅಂತಿದ್ರಿ. ಅಕ್ಕಿ ಮೂಟೆ ಇಳಿಸುವವರಿಗೆ ಬರೀ ಮಾರಾಯ, ಬರೀ ಈ."

"ಅದು ಸಲುಗೆ ಮಗಾ."

"ಸಲುಗೆಯಾದ್ರೆ ಅವರೂ ನಿಮಗೆ ಈ ಅನ್ಬೇಕಿತ್ತಲ್ಲ? ಅವರು ಧನಿ, ಈರ್ ಅಂತಲೇ ಅಂತಿದ್ರು. ನಮ್ಮ ಮೀನಿನ ಅಕ್ಕ ನಿಮಗಿಂತ ಹತ್ತು ವರ್ಷ ದೊಡ್ಡವರು. ಇವತ್ತಿಗೂ ನೀವು ಅವರಿಗೆ ಈ ಅಂತಲೇ ಕರೆಯುವುದು."

ಪಪ್ಪ ಮಾತಾಡಲಿಲ್ಲ. ಟಿವಿ ಸೌಂಡ್ ಜಾಸ್ತಿ ಮಾಡಿದರು. ಅಷ್ಟು ಹೇಳಬಾರದಿತ್ತೇನೋ ಅಂತ ರಾತ್ರಿಯೆಲ್ಲ ನನಗೆ ಕಸಿವಿಸಿ. ಆಫೀಸಿನಲ್ಲಿ ಆರು ಜನರ ಎದುರು ಮಾತಾಡುವುದಕ್ಕಿಂತ ಮನೆಯಲ್ಲಿ ಒಬ್ಬರ ಎದುರು ಮಾತಾಡುವುದು ಕಷ್ಟ.

ಪದ ಒಳ್ಳೆಯದಾ ಕೆಟ್ಟದಾ ಅಂತ ಅದರ ಹುಟ್ಟಿನಿಂದ ಹೇಳಲಿಕ್ಕೆ ಆಗುವುದಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಗೈ ಸುಟ್ಟ ಬೊಂಬೆಯಿಂದ ಬಂದರೂ ಒಂಬತ್ತು ಜನರನ್ನು ಒಳಗೆ ಕರೆಯಬಹುದು. ಮಾರಾಯ ಅರಮನೆಯಿಂದ ಬಂದರೂ ಮೂಟೆ ಹೊರುವವನನ್ನು ಹೊರಗೇ ನಿಲ್ಲಿಸಬಹುದು. ಕರೆದವರನ್ನು ಎಣಿಸುತ್ತೇವಾ ಅನ್ನುವುದೇ ಮುಖ್ಯ.

ನಾನು ಗೈಸ್ ಅನ್ನುವುದನ್ನು ಪೂರ್ತಿ ಬಿಟ್ಟಿಲ್ಲ. ನಾಲಿಗೆಗೆ ಅಷ್ಟು ಬೇಗ ಅಭ್ಯಾಸ ತಪ್ಪುವುದಿಲ್ಲ. ಆದರೆ ಬೆಳಿಗ್ಗೆ ಕಾಲ್‌ನಲ್ಲಿ ಹೆಚ್ಚಾಗಿ 'ಗುಡ್ ಮಾರ್ನಿಂಗ್ ಎಲ್ಲರಿಗೂ' ಅಂತೀನಿ. ಪುತ್ತೂರಿನ ಹುಡುಗ ತಮಾಷೆಗೆ 'ಗುಡ್ ಮಾರ್ನಿಂಗ್ ಮಾರ್ರೆ' ಅಂತ ಶುರು ಮಾಡಿದ, ಈಗ ಅದೇ ಟೀಮಿನ ರೂಢಿಯಾಗಿದೆ. ಶುಕ್ರವಾರದ ಫುಟ್‌ಬಾಲ್ ಈಗಲೂ ನಡೆಯುತ್ತದೆ, ನನಗೆ ಫುಟ್‌ಬಾಲ್ ಬೇಡ. ಆಫೀಸಿನ ವಿಷಯ ಮಾತ್ರ ಟರ್ಫಿನಲ್ಲಿ ತೀರ್ಮಾನ ಆಗುವುದಿಲ್ಲ.

ಮೊನ್ನೆ ಬುಧವಾರ ಮನೆಯಿಂದ ಕೆಲಸ. ಕಾಲ್ ನಡುವೆ ಗೇಟಿನ ಸದ್ದಾಯಿತು. ಮೀನಿನ ಅಕ್ಕ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತರು. ಪಪ್ಪ ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲಿಗೆ ಹೋದರು. ನಾನು ಮ್ಯೂಟ್ ಮಾಡಿ ಕಿವಿಗೊಟ್ಟೆ.

"ಈರ್ ಉಳಾಯಿ ಬಲೆ, ಬಿಸಿಲು ಜೋರುಂಟು" ಅಂದರು ಪಪ್ಪ. ನೀವು ಒಳಗೆ ಬನ್ನಿ ಅಂತ.

ಹೊರಗೆ ಸ್ವಲ್ಪ ಹೊತ್ತು ಮಾತಿಲ್ಲ.

ಆಮೇಲೆ ಮೀನಿನ ಅಕ್ಕನ ಸ್ವರ ಕೇಳಿತು, ನಿಜವಾದ ಗಾಬರಿಯಲ್ಲಿ. "ಎಂತ ಧನಿ, ಹುಷಾರಿಲ್ವಾ ನಿಮಗೆ?"